ಒಂದು ಹಾಳೆ, ಎಂಟು ಪುಟ: ನಮ್ಮದೇ ಪತ್ರಿಕೆ!

ರಜೆಯಲ್ಲಿ ನಾಲ್ಕು ಮಕ್ಕಳು ಒಂದೆಡೆ ಸೇರಿದರೆ ಒಂದು ಪತ್ರಿಕೆಯನ್ನೇ ಹೊರತರಬಹುದು. ಪ್ರೆಸ್ ಬೇಡ, ಕಂಪ್ಯೂಟರ್ ಬೇಡ. ಎ4 ಹಾಳೆ, ಪೆನ್ಸಿಲ್, ಕಪ್ಪು ಪೆನ್ನು, ಸ್ಕೇಲು, ಕತ್ತರಿ ಇದ್ದರೆ ಸಾಕು. ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆಗಳು ನಮ್ಮ ಶಾಲೆ-ಕಾಲೇಜುಗಳಿಗೆ ಹೊಸತಲ್ಲ. ಅಂಥ ಪುಟಾಣಿ ಪತ್ರಿಕೆಯನ್ನು ಈಗ ‘ಝೀನ್’ ಎಂದೂ ಕರೆಯುತ್ತಾರೆ. ಅಮೆರಿಕದಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ತಾವೇ ತಯಾರಿಸಿ ಹಂಚುತ್ತಿದ್ದ ಪತ್ರಿಕೆಗಳಿಗೆ 1940ರಲ್ಲಿ ‘ಫ್ಯಾನ್‌ಝೀನ್’ ಎಂಬ ಹೆಸರು ಬಂತು. ಅದರ ಬಾಲವೇ ಈ ಝೀನ್.

ಇಂಥ ಪತ್ರಿಕೆಯಲ್ಲಿ ಅಕ್ಷರ ದುಂಡಗಿರುವವರೇ ಎಲ್ಲ ಪುಟ ತುಂಬಿಸಿ, ಚಿಕ್ಕವರ ಚಿತ್ರ ಮೂಲೆ ಸೇರುವುದುಂಟು. ಪುಟವಿನ್ಯಾಸ ಎಂದರೆ ಅಲಂಕಾರವಷ್ಟೇ ಅಲ್ಲ, ಜಾಗ ಹಂಚುವ ಕೆಲಸ. ಯಾರಿಗೆ ಯಾವ ಪುಟ, ಯಾವ ಚಿತ್ರಕ್ಕೆ ಎಷ್ಟು ಜಾಗ ಎಂಬುದನ್ನು ಬರೆಯುವ ಮೊದಲೇ ಎಲ್ಲರೂ ಕುಳಿತು ತೀರ್ಮಾನಿಸಿ.

ಮಡಿಸುವ ಬಗೆ

ಹಾಳೆಯನ್ನು ಅಡ್ಡವಾಗಿ ಇಡಿ. ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು ಸಮ ಮನೆಗಳು ಬರುವಂತೆ ಮಡಿಸಿ ಬಿಚ್ಚಿ. ಒಂದೊಂದು ಮನೆಯೂ ಸುಮಾರು 7.4 ಸೆಂ.ಮೀ. ಅಗಲ, 10.5 ಸೆಂ.ಮೀ. ಎತ್ತರ. ಎರಡು ಸಾಲುಗಳ ನಡುವಿನ ಮಡಿಕೆಗುಂಟ, ಮಧ್ಯದ ಎರಡು ಮನೆಗಳಷ್ಟು ಉದ್ದಕ್ಕೆ ಮಾತ್ರ ಕತ್ತರಿಸಿ. ಬರಹದ ಬದಿ ಹೊರಗಿರುವಂತೆ ಹಾಳೆಯನ್ನು ಉದ್ದಕ್ಕೆ ಮಡಿಸಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಕತ್ತರಿಸಿದ ಭಾಗ ಬಾಯಿ ತೆರೆದು, ನಾಲ್ಕು ರೆಕ್ಕೆಗಳಂತೆ ನಿಲ್ಲುತ್ತದೆ. ಅವನ್ನು ಒಂದೇ ಕಡೆಗೆ ಮಡಚಿದರೆ ಪುಸ್ತಕ ಸಿದ್ಧ. ಅಂಟು, ಪಿನ್ನು ಯಾವುದೂ ಬೇಡ.

ತಲೆಕೆಳಗಿನ ಲೆಕ್ಕ

ಹಾಳೆ ಬಿಚ್ಚಿದಾಗ ಪುಟಗಳು ಒಂದು, ಎರಡು, ಮೂರು ಎಂದು ಸಾಲಾಗಿ ಇರುವುದಿಲ್ಲ. ಕೆಳಸಾಲಿನಲ್ಲಿ ಎಡದಿಂದ ಬಲಕ್ಕೆ 8, 1, 2, 3. ಮೇಲಿನ ಸಾಲಿನಲ್ಲಿ 7, 6, 5, 4. ಮೇಲಿನ ನಾಲ್ಕೂ ಪುಟಗಳು ತಲೆಕೆಳಗಾಗಿರುತ್ತವೆ. ಅವನ್ನು ಬರೆಯುವಾಗ ಹಾಳೆಯನ್ನೇ ತಿರುಗಿಸಿಕೊಳ್ಳಿ. ಆಗ 4, 5, 6, 7 ಸರಿಯಾದ ಸಾಲಿನಲ್ಲೇ ಕಾಣುತ್ತವೆ. ನೆನಪಿಡಲು ಸುಲಭದ ದಾರಿ: ಎರಡೂ ಸಾಲಿನ ಪುಟಗಳ ತಲೆ ಹಾಳೆಯ ನಡುಗೆರೆಯ ಕಡೆಗೇ ಇರಬೇಕು.

ಇದಕ್ಕೇ ಮೊದಲು ರಫ್ ಹಾಳೆಯಲ್ಲಿ ಖಾಲಿ ಮಾದರಿಯೊಂದನ್ನು ಮಾಡಿ, ಪುಟಸಂಖ್ಯೆ ಹಾಕಿ, ಬಿಚ್ಚಿ ನೋಡಿ. ಹತ್ತು ನಿಮಿಷದ ಈ ಕೆಲಸ ಬಿಟ್ಟರೆ ತಂಗಿ ಇಡೀ ಮಧ್ಯಾಹ್ನ ಕುಳಿತು ಬಿಡಿಸಿದ ನವಿಲು ಕಾಲು ಮೇಲಾಗಿ ನಿಂತೀತು!

ಯಾವ ಪುಟದಲ್ಲಿ ಏನು?

‘ನಮ್ಮ ಬೀದಿಯ ಮರಗಳು’ ಎಂಬ ಸಂಚಿಕೆ ಮಾಡುತ್ತೀರಿ ಎನ್ನೋಣ. 1ನೇ ಪುಟ ಮುಖಪುಟ: ಒಂದೇ ಚಿತ್ರ, ದಪ್ಪಕ್ಷರದ ಹೆಸರು. 2-3 ಎದುರುಬದುರು ಪುಟಗಳು. ಬೀದಿಯ ನಕ್ಷೆಯನ್ನು ಎರಡಕ್ಕೂ ಹರಡಿ. 4-5ರಲ್ಲಿ ದೊಡ್ಡ ಹೊಂಗೆ ಮರ. ಕೊಂಬೆಗಳು ಒಂದು ಪುಟದಿಂದ ಇನ್ನೊಂದಕ್ಕೆ ಚಾಚಲಿ. 6ರಲ್ಲಿ ಎಲೆಗಳ ಚಿತ್ರ, 7ರಲ್ಲಿ ಅಜ್ಜಿ ಹೇಳಿದ ಮರದ ಕಥೆ. ಎದುರುಬದುರಿನ ಪುಟಗಳು ಹಾಳೆಯಲ್ಲೂ ಅಕ್ಕಪಕ್ಕದಲ್ಲೇ ಇರುವುದರಿಂದ ಚಿತ್ರ ತುಂಡಾಗುವುದಿಲ್ಲ. ಆದರೆ ಮಡಿಕೆಯ ಮೇಲೆ ಮುಖ, ಅಕ್ಷರ ಬರದಂತೆ ನೋಡಿಕೊಳ್ಳಿ.

ಸುತ್ತ ಅರ್ಧ ಸೆಂ.ಮೀ. ಅಂಚು ಬಿಡಿ. ಜೆರಾಕ್ಸ್ ಯಂತ್ರ ಹಾಳೆಯ ಅಂಚಿನಲ್ಲಿರುವುದನ್ನು ಸಾಮಾನ್ಯವಾಗಿ ನುಂಗಿಬಿಡುತ್ತದೆ. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸುಗಳು ಮೇಲೇರುತ್ತವೆ. ಸಾಲುಗಳನ್ನು ಒತ್ತಾಗಿ ಬರೆದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಾಲಿನಿಂದ ಸಾಲಿಗೆ ಒಂದು ಸೆಂ.ಮೀ. ಅಂತರವಿರಲಿ. ಆಗ ಪುಟಕ್ಕೆ ಎಂಟೊಂಬತ್ತು ಸಾಲು, ಅಂದರೆ ಇಪ್ಪತ್ತೈದು ಪದಗಳ ಆಸುಪಾಸು. ಚಿತ್ರವಿದ್ದರೆ ಅದರಲ್ಲೂ ಅರ್ಧ. ಅಜ್ಜಿಯ ಕಥೆಯಲ್ಲಿ ಯಾವುದು ಉಳಿಯಬೇಕು, ಯಾವುದು ಬೇಡ ಎಂದು ಆಯುವುದೇ ಸಂಪಾದಕರ ಕೆಲಸ. ಸ್ವಲ್ಪ ಖಾಲಿ ಜಾಗವೂ ಉಳಿಯಲಿ. ಕಣ್ಣಿಗೂ ವಿಶ್ರಾಂತಿ ಬೇಕು.

ಪ್ರತಿ ಮಾಡುವಾಗ

ಪೆನ್ಸಿಲ್ ಗೆರೆಗಳ ಮೇಲೆ ಕಪ್ಪು ಪೆನ್ನು ಆಡಿಸಿ, ಒಣಗಿದ ಮೇಲೆ ಪೆನ್ಸಿಲ್ ಗುರುತು ಅಳಿಸಿ. ತಿಳಿ ಬಣ್ಣಗಳು ಜೆರಾಕ್ಸ್‌ನಲ್ಲಿ ಮಸುಕಾಗುತ್ತವೆ. ಬಣ್ಣವನ್ನು ಪ್ರತಿಗಳ ಮೇಲೆಯೇ ಹಚ್ಚಿ. ಜೆರಾಕ್ಸ್ ಆದ ಮೇಲಷ್ಟೇ ಕತ್ತರಿ ಹಾಕಿ. ಮೂಲ ಹಾಳೆಯನ್ನು ಕತ್ತರಿಸದೆ ಜೋಪಾನವಾಗಿಟ್ಟರೆ ಬೇಕಾದಾಗ ಮತ್ತೆ ಪ್ರತಿ ತೆಗೆಯಬಹುದು.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಕತ್ತರಿ ಹಿಡಿಯುವಾಗ ಹತ್ತಿರವಿರಿ, ಕಾಗುಣಿತ ಕೇಳಿದರೆ ಹೇಳಿಕೊಡಿ. ಆದರೆ ಮರ ನೀಲಿಯಾಗಿದ್ದರೆ ಹಸಿರು ಮಾಡಲು ಹೋಗಬೇಡಿ.

8ನೇ ಪುಟ ಹಿಂಬದಿಯ ರಕ್ಷಾಪುಟ. ಅಲ್ಲಿ ತಿಂಗಳು, ವರ್ಷ ಬರೆಯಿರಿ. ಕೆಳಗೆ ಕೆಲಸ ಮಾಡಿದ ಎಲ್ಲರ ಹೆಸರೂ ಇರಲಿ. ಗೆರೆ ಎಳೆದುಕೊಟ್ಟ ಪುಟ್ಟನದೂ. ಎಲ್ಲ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ.