ತುಪ್ಪ ಬಿಟ್ಟರೂ ಟ್ರೈಗ್ಲಿಸರೈಡ್ ಏಕೆ ಇಳಿಯಲಿಲ್ಲ?

ಅಜ್ಜ-ಅಜ್ಜಿಯರ ರಕ್ತ ಪರೀಕ್ಷೆಯ ವರದಿಯನ್ನು ಈಗೀಗ ಮೊದಲು ಓದುವವರು ಮೊಮ್ಮಕ್ಕಳು. ವರದಿ ಮೊಬೈಲಿಗೆ ಬರುತ್ತದೆ, ಇಂಗ್ಲಿಷಿನಲ್ಲಿ ಇರುತ್ತದೆ, ಅಕ್ಷರವೋ ಇರುವೆಯಷ್ಟು ಸಣ್ಣದು. ‘ಲಿಪಿಡ್ ಪ್ರೊಫೈಲ್’ ಎಂಬ ತಲೆಬರಹದ ಕೆಳಗೆ ಐದಾರು ಸಾಲುಗಳು. ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಸಾಲಿನ ಅಂಕಿ ದಪ್ಪಕ್ಷರದಲ್ಲಿದ್ದರೆ, ಕೆಲವು ಮನೆಗಳಲ್ಲಿ ಅಂದಿನಿಂದಲೇ ಒಗ್ಗರಣೆ ನಿಲ್ಲುತ್ತದೆ. ಇನ್ನು ಕೆಲವು ಮನೆಗಳಲ್ಲಿ “ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ” ಎಂದು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ.

ತಾಲ್ಲೂಕು ಕೇಂದ್ರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂರು ದಶಕ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದವನು ನಾನು. ವೈದ್ಯನಲ್ಲ. ರಕ್ತ ತೆಗೆಯುವುದು, ಪರೀಕ್ಷಿಸುವುದು, ಅಂಕಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. “ಕೊಲೆಸ್ಟ್ರಾಲ್ ಗೊತ್ತು. ಇದೇನಪ್ಪಾ ಇನ್ನೊಂದು?” ಎಂದು ಕೌಂಟರಿನಲ್ಲಿ ನಿಂತು ಕೇಳಿದವರಿಗೆ ಲೆಕ್ಕವಿಲ್ಲ. ಆ ‘ಇನ್ನೊಂದ’ನ್ನು ಅಜ್ಜ, ಅಜ್ಜಿ, ಮಕ್ಕಳು ಒಟ್ಟಿಗೆ ಕುಳಿತು ಅರ್ಥಮಾಡಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಡುಗೆಮನೆಯಲ್ಲೇ ಇದೆ

ಮಕ್ಕಳೇ, ಇಂಗ್ಲಿಷಿನ ‘ಇ’ ಎಂಬ ದೊಡ್ಡ ಅಕ್ಷರವನ್ನು ಬರೆಯಿರಿ. ನಿಂತ ಗೆರೆ ಗ್ಲಿಸರಾಲ್. ಅದಕ್ಕೆ ಅಂಟಿಕೊಂಡ ಮೂರು ಅಡ್ಡ ಗೆರೆಗಳು ಕೊಬ್ಬಿನ ಆಮ್ಲಗಳು. ‘ಟ್ರೈ’ ಎಂದರೆ ಮೂರು. ಇಷ್ಟೇ ಟ್ರೈಗ್ಲಿಸರೈಡ್. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ತುಪ್ಪ ಇವೆಲ್ಲವೂ ಬಹುಪಾಲು ಇದೇ. ನಮ್ಮ ಹೊಟ್ಟೆಯ ಸುತ್ತ ಕೂಡಿಡುವ ಕೊಬ್ಬೂ ಇದೇ.

ಇದನ್ನು ಬಿಡಿಸಿ ತೋರಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯುಜೀನ್ ಶೆವ್ರೂಲ್. ಸೋಪು ತಯಾರಿಕೆಯನ್ನು ಅಭ್ಯಾಸ ಮಾಡುತ್ತಾ, ಕೊಬ್ಬಿನೊಳಗೆ ಗ್ಲಿಸರಿನ್ ಮತ್ತು ಕೊಬ್ಬಿನ ಆಮ್ಲಗಳಿವೆ ಎಂದು ಕಂಡುಕೊಂಡು 1823ರಲ್ಲಿ ಪುಸ್ತಕ ಪ್ರಕಟಿಸಿದರು. ಎಣ್ಣೆಗೆ ಕ್ಷಾರ ಸೇರಿಸಿದರೆ ಟ್ರೈಗ್ಲಿಸರೈಡ್ ಒಡೆದು ಸೋಪೂ ಗ್ಲಿಸರಿನ್ನೂ ಆಗುತ್ತವೆ. 1916ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಸರ್ಕಾರದ ಸೋಪು ಕಾರ್ಖಾನೆಯಲ್ಲಿ ನಡೆದದ್ದೂ ಇದೇ ಕ್ರಿಯೆ. ಅಂದಹಾಗೆ, ಕೊಬ್ಬಿನ ಗುಟ್ಟು ಬಿಡಿಸಿದ ಶೆವ್ರೂಲ್ 102 ವರ್ಷ ಬಾಳಿದರು!

ವಯಸ್ಕರ ರಕ್ತದಲ್ಲಿ ಇದು ಎಷ್ಟಿರುತ್ತದೆ? ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 150 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಂದು ಲೀಟರಿಗೆ ಒಂದೂವರೆ ಗ್ರಾಂ ಆಯಿತು. ರಕ್ತಕಣಗಳನ್ನು ಬಿಟ್ಟರೆ ಮೈಯಲ್ಲಿರುವ ರಕ್ತದ್ರವ ಸುಮಾರು ಮೂರು ಲೀಟರು. ಗುಣಿಸಿ ನೋಡಿ: ಒಟ್ಟು ಒಂದು ಟೀ ಚಮಚ ಎಣ್ಣೆಯಷ್ಟು. ನಮ್ಮ ಮೈಯ ರಕ್ತದಲ್ಲೆಲ್ಲ ಓಡಾಡಬೇಕಾದದ್ದು ಅಷ್ಟೇ. ಅದು ಎರಡು, ಮೂರು ಚಮಚವಾದಾಗ ವರದಿಯಲ್ಲಿ ದಪ್ಪಕ್ಷರ ಕಾಣಿಸುತ್ತದೆ.

ಬರುವುದು ಎರಡು ದಾರಿಯಿಂದ

ಮೊದಲ ದಾರಿ ನಮಗೆಲ್ಲ ಗೊತ್ತಿರುವುದೇ. ಹೋಳಿಗೆಗೆ ತುಪ್ಪ ಹಾಕಿಕೊಂಡು ತಿಂದರೆ ಆ ಕೊಬ್ಬು ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಊಟವಾದ ಮೂರ್ನಾಲ್ಕು ಗಂಟೆಯ ಹೊತ್ತಿಗೆ ಅಂಕಿ ಏರಿ, ಆಮೇಲೆ ಇಳಿಯುತ್ತದೆ.

ಎರಡನೆಯ ದಾರಿ ಕಣ್ಣಿಗೆ ಕಾಣುವುದಿಲ್ಲ. ಅನ್ನ, ಸಕ್ಕರೆ, ಬೆಲ್ಲ, ಮೈದಾ ಇವುಗಳಿಂದ ಬಂದ ಶಕ್ತಿ ಖರ್ಚಾಗದೆ ಉಳಿದರೆ ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಟ್ರೈಗ್ಲಿಸರೈಡ್ ಆಗಿ ಬದಲಾಯಿಸಿ ರಕ್ತಕ್ಕೆ ಬಿಡುತ್ತದೆ. ಹೊಲದ ಬೆಳೆ ತಿಂದು ಮುಗಿಸಲಾಗದಾಗ ಕಣಜಕ್ಕೆ ಸಾಗಿಸುವ ಹಾಗೆ. ಮದ್ಯವೂ ಈ ದಾರಿಯನ್ನು ಬಹಳ ಚುರುಕುಗೊಳಿಸುತ್ತದೆ. ಅಂದರೆ, ಒಂದು ತೊಟ್ಟು ಎಣ್ಣೆ ಮುಟ್ಟದವರ ರಕ್ತದಲ್ಲೂ ಟ್ರೈಗ್ಲಿಸರೈಡ್ ಏರಬಹುದು.

ಲ್ಯಾಬಿನಲ್ಲಿ ಆಗುವುದೇನು?

ತೆಗೆದ ರಕ್ತ ಹೆಪ್ಪುಗಟ್ಟಿದ ಮೇಲೆ ಟ್ಯೂಬನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತೇವೆ. ಕೆಂಪು ಭಾಗ ತಳಕ್ಕೆ ಹೋಗಿ ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಅದೇ ಸೀರಂ. ಪರೀಕ್ಷೆಗೆ ಅದರ ಒಂದು ಹನಿಗಿಂತಲೂ ಕಡಿಮೆ ಸಾಕು. ಕಿಣ್ವಗಳಿರುವ ದ್ರಾವಣಕ್ಕೆ ಅದನ್ನು ಸೇರಿಸಿದಾಗ ಟ್ರೈಗ್ಲಿಸರೈಡಿನ ಮೂರು ಬಾಲಗಳು ಕಳಚಿ ಗ್ಲಿಸರಾಲ್ ಬಿಡುಗಡೆಯಾಗುತ್ತದೆ. ಅದು ಇನ್ನೆರಡು ಮೂರು ಹಂತ ದಾಟಿ ಕೊನೆಗೆ ಗುಲಾಬಿ ಬಣ್ಣ ಕೊಡುತ್ತದೆ. ಬಣ್ಣ ಗಾಢವಾದಷ್ಟೂ ಟ್ರೈಗ್ಲಿಸರೈಡ್ ಹೆಚ್ಚು. ಯಂತ್ರ ಆ ಬಣ್ಣವನ್ನು ಬೆಳಕಿನಿಂದ ಅಳೆದು ಅಂಕಿ ಕೊಡುತ್ತದೆ.

ಕೆಲವರ ಸೀರಂ ನೋಡಿದರೆ ಯಂತ್ರವೇ ಬೇಕಿರಲಿಲ್ಲ. ತಿಳಿಯಾಗಿರಬೇಕಾದದ್ದು ನೀರುಮಜ್ಜಿಗೆಯ ಹಾಗೆ ಬೆಳ್ಳಗಿರುತ್ತಿತ್ತು. ಅಂಥ ಟ್ಯೂಬು ಕಂಡಾಗ ನಾನು ವೈದ್ಯರಿಗೆ ತಕ್ಷಣ ಹೇಳಿಕಳುಹಿಸುತ್ತಿದ್ದೆ.

ಅಂಕಿಯನ್ನು ಓದುವ ಬಗೆ

ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದು ಕೊಟ್ಟ ರಕ್ತಕ್ಕೆ ವಯಸ್ಕರ ಮಿತಿಗಳು ಹೀಗಿವೆ. 150ಕ್ಕಿಂತ ಕಡಿಮೆ ಇದ್ದರೆ ಸಹಜ. 150ರಿಂದ 199 ಗಡಿಯ ಮೇಲೆ. 200ರಿಂದ 499 ಹೆಚ್ಚು. 500 ಮತ್ತು ಅದಕ್ಕೆ ಮೇಲ್ಪಟ್ಟರೆ ಅತಿ ಹೆಚ್ಚು. ಮಕ್ಕಳ ಮಿತಿ ಇನ್ನೂ ಕೆಳಗೆ: 10ರಿಂದ 19 ವರ್ಷದವರಿಗೆ 90ಕ್ಕಿಂತ ಕಡಿಮೆ ಇರಬೇಕು.

ಮಗನೋ ಮಗಳೋ ಬ್ರಿಟನ್ನಿನಲ್ಲಿದ್ದು, ಅಲ್ಲಿ ಮಾಡಿಸಿದ ವರದಿಯಲ್ಲಿ 1.7 ಎಂದಿದ್ದರೆ “ಎಷ್ಟು ಕಡಿಮೆ!” ಎಂದು ಬೆರಗಾಗಬೇಡಿ. ಅಲ್ಲಿ ಮಿಲಿಮೋಲ್ ಎಂಬ ಬೇರೆ ಅಳತೆ. ಅದನ್ನು 88.6ರಿಂದ ಗುಣಿಸಿದರೆ ನಮ್ಮ 150 ಸಿಗುತ್ತದೆ.

ಊಟ ಮಾಡಿ ಕೊಟ್ಟ ರಕ್ತವನ್ನೂ ಈಗ ಎಷ್ಟೋ ಕಡೆ ಒಪ್ಪುತ್ತಾರೆ. ಆಗ ಗಡಿಯನ್ನು ಸುಮಾರು 175 ಎಂದು ಹಿಡಿಯುತ್ತಾರೆ. ಊಟದ ನಂತರದ ಅಂಕಿ 400 ದಾಟಿದರೆ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡಬೇಕು.

ಇನ್ನೊಂದು ಮಾತು. ಟ್ರೈಗ್ಲಿಸರೈಡ್ ಚಂಚಲ. ಒಬ್ಬರದೇ ಅಂಕಿ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಐದರಲ್ಲಿ ಒಂದು ಪಾಲು ಆಚೀಚೆ ಆಗುವುದುಂಟು. ಹೋದ ಸಲ 148, ಈ ಸಲ 163 ಎಂದರೆ ಗಾಬರಿಯಾಗುವ ಅಗತ್ಯವಿಲ್ಲ. ಆದರೆ 150, 210, 290 ಎಂದು ಮೆಟ್ಟಿಲು ಹತ್ತುತ್ತಿದ್ದರೆ ಅದು ಏನನ್ನೋ ಹೇಳುತ್ತಿದೆ.

ನಮ್ಮ ಬೀದಿಯ ಅಜ್ಜಿ

ನಮ್ಮ ಬೀದಿಯಲ್ಲಿ 72 ವರ್ಷದ ಅಜ್ಜಿಯೊಬ್ಬರಿದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಮ್ಮೆ ಅವರ ಟ್ರೈಗ್ಲಿಸರೈಡ್ 285 ಬಂತು. ಮರುದಿನವೇ ತುಪ್ಪ ಬಿಟ್ಟರು, ತೆಂಗಿನಕಾಯಿ ಚಟ್ನಿ ಬಿಟ್ಟರು, ಒಗ್ಗರಣೆಯಿಲ್ಲದ ಸಾರು ಉಂಡರು. ಮೂರು ತಿಂಗಳ ಮೇಲೆ ಅಂಕಿ 320! ಎಂಟನೇ ತರಗತಿಯ ಮೊಮ್ಮಗಳು ಎರಡೂ ವರದಿ ಹಿಡಿದು ನಮ್ಮ ಮನೆಗೆ ಬಂದಳು. ಹಿಂದೆಯೇ ಅಜ್ಜಿ.

“ಇನ್ನೇನು ಬಿಡ್ಲಿ ಹೇಳಪ್ಪ? ಬಾಯಿಗೆ ರುಚಿ ಅನ್ನೋದೇ ಇಲ್ದಂಗಾಯ್ತು,” ಎಂದರು.

“ಬಿಟ್ಟಿದ್ದು ಹಾಗಿರಲಿ ಅಕ್ಕ, ದಿನಾ ಏನೇನು ತಗೋತೀರಿ ಹೇಳಿ,” ಎಂದೆ. ಮೊಮ್ಮಗಳು ಬರೆದುಕೊಂಡಳು. ನಾಲ್ಕು ಲೋಟ ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ಜೊತೆಗೆ ರಸ್ಕು, ಬಿಸ್ಕತ್ತು. ತುಪ್ಪವಿಲ್ಲದ ಊಟ ಹೊಟ್ಟೆ ತುಂಬಿದ ಹಾಗಾಗದೆಂದು ಮೊದಲಿಗಿಂತ ಒಂದು ಸೌಟು ಹೆಚ್ಚು ಅನ್ನ. ಸಂಜೆ ಹಸಿವಿಗೆ ಬೆಲ್ಲ, ಮಂಡಕ್ಕಿ. ಮೊಣಕಾಲು ನೋವೆಂದು ನಡಿಗೆಯೂ ನಿಂತಿತ್ತು.

“ತಾತ, ಚಮಚಕ್ಕೆ 5 ಗ್ರಾಂ ಅಂದ್ರೂ ದಿನಕ್ಕೆ 40 ಗ್ರಾಂ. ತಿಂಗಳಿಗೆ ಒಂದು ಕೆಜಿ ಇನ್ನೂರು ಗ್ರಾಂ ಸಕ್ಕರೆ ಬರೀ ಕಾಫಿಗೇ!” ಎಂದಳು ಹುಡುಗಿ. ಅಜ್ಜಿ ಏನೂ ಹೇಳಲಿಲ್ಲ.

ಮೊದಲ ದಾರಿಗೆ ಬೇಲಿ ಹಾಕಿದ್ದರು. ಎರಡನೆಯ ದಾರಿ ಇನ್ನಷ್ಟು ಅಗಲವಾಗಿತ್ತು. ವೈದ್ಯರ ಹತ್ತಿರ ಹೋಗಲು ಹೇಳಿದೆ. ಅವರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನೂ ಥೈರಾಯ್ಡನ್ನೂ ನೋಡಿದರು. ಸಕ್ಕರೆ ಹತೋಟಿ ತಪ್ಪಿತ್ತು. ಅದು ಹತೋಟಿ ತಪ್ಪಿದಾಗ ಟ್ರೈಗ್ಲಿಸರೈಡ್ ಏರುವುದು ಸಾಮಾನ್ಯ. ಮಾತ್ರೆ ಬದಲಾಯಿತು. ಕಾಫಿ ಎರಡು ಲೋಟಕ್ಕೆ ಇಳಿಯಿತು, ಸಕ್ಕರೆ ನಿಂತಿತು. ಒಂದು ಸೌಟು ಅನ್ನದ ಜಾಗಕ್ಕೆ ಹುರುಳಿಕಾಯಿ ಪಲ್ಯ, ಹೆಸರುಕಾಳಿನ ಉಸಲಿ ಬಂದವು. ಸಂಜೆ ಮೊಮ್ಮಗಳ ಜೊತೆ ದೇವಸ್ಥಾನದವರೆಗೆ ನಿಧಾನ ನಡಿಗೆ. ನಾಲ್ಕು ತಿಂಗಳಿಗೆ ಅಂಕಿ 182. ಇನ್ನೂ ಗಡಿಯ ಮೇಲೇ ಇದೆ, ಆದರೆ ಇಳಿಮುಖದಲ್ಲಿದೆ.

ಹಾಗೆಂದು ತುಪ್ಪಕ್ಕೆ ಪರವಾನಗಿ ಸಿಕ್ಕಿತೆಂದು ತಿಳಿಯಬೇಡಿ. ಅದು ಅತಿಯಾದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಬೆಲ್ಲ, ಜೇನುತುಪ್ಪ ‘ನೈಸರ್ಗಿಕ’ ಎಂದು ಸಮಾಧಾನಪಡಬೇಡಿ. ಲಿವರಿಗೆ ಅವೂ ಸಕ್ಕರೆಯೇ. ರಾಗಿ ಮುದ್ದೆ ಒಳ್ಳೆಯದೇ, ಆದರೆ ಗದ್ದೆ ಉಳುತ್ತಿದ್ದಾಗಿನ ಗಾತ್ರದ ಮುದ್ದೆ ಜಗಲಿಯಲ್ಲಿ ಕೂರುವ ಕಾಲಕ್ಕೆ ಹೆಚ್ಚಾಗುತ್ತದೆ.

ಇದು ಒಬ್ಬ ಅಜ್ಜಿಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಮೊದಲ ಹಂತ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನಡೆಯಿತು. ಅಲ್ಲಿ ನೂರರಲ್ಲಿ ಸುಮಾರು 30 ಮಂದಿಗೆ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಸುಮಾರು 72 ಮಂದಿಗೆ ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಡಿಮೆ ಇತ್ತು. ಇವೆರಡೂ ಒಟ್ಟಿಗೆ ಇರುವುದು ಹೃದಯಕ್ಕೆ ಒಳ್ಳೆಯದಲ್ಲ. ಆದ್ದರಿಂದ ಒಂದೇ ಸಾಲು ಓದಿ ವರದಿ ಮಡಚಬಾರದು.

ಮಕ್ಕಳಿಗೊಂದು ಲೆಕ್ಕ

ಸಾಲುಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂದು ನೀವೇ ನೋಡಬಹುದು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇದು. ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ. ಬಂದದ್ದನ್ನೂ ಎಚ್‌ಡಿಎಲ್ ಅನ್ನೂ ಒಟ್ಟು ಕೊಲೆಸ್ಟ್ರಾಲಿನಿಂದ ಕಳೆಯಿರಿ. ಉಳಿದದ್ದು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್.

ಅಜ್ಜಿಯ ಮೊದಲ ವರದಿಯಲ್ಲಿ ಒಟ್ಟು 210, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 285. 285ನ್ನು 5ರಿಂದ ಭಾಗಿಸಿದರೆ 57. 210ರಿಂದ 38 ಮತ್ತು 57 ಕಳೆದರೆ 115. ವರದಿಯಲ್ಲೂ ಅದೇ ಇತ್ತು. ಕೆಲವು ಲ್ಯಾಬುಗಳು ಬೇರೆ ಸೂತ್ರ ಬಳಸುತ್ತವೆ ಅಥವಾ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುತ್ತವೆ. ಹಾಗಾಗಿ ನಿಮ್ಮ ಉತ್ತರಕ್ಕೂ ವರದಿಗೂ ಸ್ವಲ್ಪ ವ್ಯತ್ಯಾಸ ಬಂದರೆ ತಪ್ಪೆನ್ನಬೇಡಿ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಡೆಯುವುದಿಲ್ಲ.

ತಡಮಾಡಬಾರದ ಹೊತ್ತು

500 ದಾಟಿದ ವರದಿಯನ್ನು ಮುಂದಿನ ತಿಂಗಳಿಗೆಂದು ಇಡಬೇಡಿ. ಅಲ್ಲಿಂದಾಚೆಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಹೆಚ್ಚುತ್ತದೆ. 1000 ದಾಟಿದರೆ ಇನ್ನೂ ಹೆಚ್ಚು. ಹೊಟ್ಟೆಯ ಮೇಲ್ಭಾಗದಲ್ಲಿ ತಾಳಲಾರದ ನೋವು ಬಂದು ಬೆನ್ನಿಗೆ ಹರಿದರೆ, ವಾಂತಿಯಾದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ಮನೆಯಲ್ಲೇ ಕಷಾಯ ಕುಡಿಸುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಕಿ ಇಷ್ಟು ಏರಿದವರು ಸಕ್ಕರೆ, ಮದ್ಯದ ಜೊತೆಗೆ ಎಣ್ಣೆ, ತುಪ್ಪವನ್ನೂ ಬಹಳ ಕಡಿಮೆ ಮಾಡಬೇಕಾಗುತ್ತದೆ. ಇದನ್ನು ವೈದ್ಯರೇ ನಿರ್ಧರಿಸಬೇಕು. ಥೈರಾಯ್ಡ್ ಕೊರತೆ, ಮೂತ್ರಪಿಂಡದ ತೊಂದರೆ, ಸ್ಟೀರಾಯ್ಡ್‌ನಂಥ ಕೆಲವು ಔಷಧ, ವಂಶದ ಗುಣ ಇವೂ ಕಾರಣವಾಗಬಹುದು.

ಉಳಿದವರ ಮಟ್ಟಿಗೆ ತೂಕವೂ ನಡಿಗೆಯೂ ದೊಡ್ಡ ಮದ್ದು. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ 5ರಿಂದ 10 ಪಾಲು ಇಳಿಸಿದರೆ ಟ್ರೈಗ್ಲಿಸರೈಡ್ ಸುಮಾರು 20 ಪಾಲು ಇಳಿಯಬಲ್ಲದು. ಮೀನು ತಿನ್ನುವ ಮನೆಯವರಿಗೆ ಬಂಗುಡೆ, ಭೂತಾಯಿ ಒಳ್ಳೆಯವು, ಆದರೆ ಹುರಿದದ್ದಕ್ಕಿಂತ ಸಾರು ಮೇಲು. ವೈದ್ಯರು ಮಾತ್ರೆ ಕೊಟ್ಟಿದ್ದರೆ, ಅಂಕಿ ಇಳಿಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ಪರೀಕ್ಷೆಯ ಹಿಂದಿನ ದಿನ

ಉಪವಾಸವಿರಲು ಹೇಳಿದ್ದರೆ 9ರಿಂದ 12 ಗಂಟೆ ಸಾಕು. ರಾತ್ರಿ 8ಕ್ಕೆ ಊಟ, ಬೆಳಿಗ್ಗೆ 7ಕ್ಕೆ ರಕ್ತ. ನೀರು ಕುಡಿಯಬಹುದು. ‘ಅರ್ಧ ಲೋಟ ಕಾಫಿ’ ಕುಡಿಯಬಾರದು. ಹಿಂದಿನ ದಿನ ಮದುವೆ ಊಟ, ಮದ್ಯ ಬೇಡ. ಅಂಕಿ ಚೆನ್ನಾಗಿ ಕಾಣಲೆಂದು ಒಂದು ವಾರ ಪಥ್ಯ ಮಾಡುವುದೂ ಬೇಡ. ದಿನನಿತ್ಯದ ಸ್ಥಿತಿ ತಿಳಿಯಲೆಂದೇ ಅಲ್ಲವೇ ಪರೀಕ್ಷೆ? ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಸಕ್ಕರೆ ದಿಢೀರನೆ ಇಳಿದು ತಲೆಸುತ್ತಿ ಬಿದ್ದವರನ್ನು ಲ್ಯಾಬಿನ ಬೆಂಚಿನ ಮೇಲೆ ಮಲಗಿಸಿ ಉಪಚರಿಸಿದ್ದೇನೆ.

ಮಕ್ಕಳೇ, ಕೊನೆಗೆ ನಿಮಗೊಂದು ಕೆಲಸ. ಹಳೆಯ ನೋಟ್‌ಬುಕ್ಕಿನಲ್ಲಿ ಐದು ಕಲಂ ಎಳೆಯಿರಿ: ತಾರೀಖು, ಉಪವಾಸವಿತ್ತೇ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಲ್‌ಡಿಎಲ್. ಮನೆಯಲ್ಲಿರುವ ಹಳೆಯ ವರದಿಗಳನ್ನೆಲ್ಲ ಹುಡುಕಿ ತುಂಬಿಸಿ. ಮುಂದಿನ ಸಲ ಅಜ್ಜ ವೈದ್ಯರ ಬಳಿ ಹೋಗುವಾಗ ಆ ನೋಟ್‌ಬುಕ್ಕನ್ನು ಅವರ ಚೀಲದಲ್ಲಿ ಇಡಿ. ಬಿಡಿ ಬಿಡಿ ಹಾಳೆಗಳಲ್ಲಿ ಸಿಗದ ಏರಿಳಿತ ಅದರಲ್ಲಿ ಒಂದೇ ನೋಟಕ್ಕೆ ವೈದ್ಯರಿಗೆ ಸಿಗುತ್ತದೆ.