ಅಕ್ಷರಕ್ಕೂ ಮೊದಲು ಮಾತು

ನಮ್ಮ ಮನೆಮಾತು ಬ್ಯಾರಿ. ನಾಲ್ಕು ವರ್ಷದ ಅಕ್ಕನ ಮಗಳು ಅಂಗನವಾಡಿಯಲ್ಲಿ ಕನ್ನಡ ಕಲಿಯುತ್ತಿದ್ದಾಳೆ. "ಮನೆಯಲ್ಲೂ ಕನ್ನಡವನ್ನೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ" ಎಂದು ನೆಂಟರು ಅಕ್ಕನನ್ನು ಹೆದರಿಸುವುದುಂಟು. ಈ ಹೆದರಿಕೆಗೆ ಕಾರಣವಿಲ್ಲ.

ಮಗು ಓದಿದ್ದನ್ನು ಅರ್ಥಮಾಡಿಕೊಳ್ಳುವುದು ಕೇಳಿ, ಆಡಿ ಬಲ್ಲ ಮಾತಿನ ಬಲದಿಂದ. ಅಜ್ಜಿಯ ಕಥೆಯಲ್ಲಿ ಮೊದಲೇನಾಯಿತು, ಆಮೇಲೇನಾಯಿತು, ಏಕಾಯಿತು ಎಂದು ಹಿಡಿಯಬಲ್ಲ ಮಗುವಿಗೆ ಪುಸ್ತಕದ ಕಥೆಯೂ ಸುಲಭ. ಒಂದು ಭಾಷೆಯಲ್ಲಿ ಬಂದ ಈ ತಿಳಿವಳಿಕೆ ಇನ್ನೊಂದಕ್ಕೂ ನೆರವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲಿ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ.

ಅಕ್ಷರ ಕಲಿಯುವ ಮುನ್ನ ಕಿವಿ ಪಳಗಬೇಕು. ಅದಕ್ಕೆ ಚಪ್ಪಾಳೆ ಆಟ ಒಳ್ಳೆಯದು. 'ಕಮಲ' ಎಂದು ಬಿಡಿಸಿ ಹೇಳಿದರೆ ಮೂರು ಚಪ್ಪಾಳೆ, ಬರೆದರೆ ಮೂರು ಅಕ್ಷರ. ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವುದರಿಂದ 'ಉಮ್ಮ' ಎಂದರೂ ಲೆಕ್ಕ ಸರಿಹೋಗುತ್ತದೆ: ಎರಡು ಚಪ್ಪಾಳೆ, ಎರಡು ಅಕ್ಷರ.

ನಿಮ್ಮ ಮನೆಯಲ್ಲೂ ಪುಟ್ಟ ಮಕ್ಕಳಿದ್ದರೆ ದಿನಕ್ಕೆ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು, ಮನೆಮಾತಿನಲ್ಲೇ ಅವರೊಡನೆ ಹರಟಿ. 'ಹೌದು', 'ಇಲ್ಲ' ಎಂದು ಮುಗಿಯುವ ಪ್ರಶ್ನೆಗಿಂತ 'ಏಕೆ', 'ಹೇಗೆ' ಎಂದು ಕೇಳಿ. ಉತ್ತರ ತಡವಾದರೂ ಕಾಯಿರಿ.