ಒಂದು ಕಣ್ಣು ಮುಚ್ಚಿ ನೋಡಿರಿ

ಅಜ್ಜಿಯನ್ನು ಅಂಗಳದಲ್ಲಿ ನಿಲ್ಲಿಸಿ ನಾವು ತೆಗೆದ ಮೊದಲನೆಯ ಛಾಯಾಚಿತ್ರದಲ್ಲಿ ವಿದ್ಯುತ್ ಕಂಬವೊಂದು ಆಕೆಯ ತಲೆಯಿಂದಲೇ ಮೊಳೆತಂತಿತ್ತು. ಕಂಬವಿದ್ದುದು 20 ಮಾರು ಹಿಂದೆ. ಚಿತ್ರ ತೆಗೆಯುವಾಗ ಅದು ನಮ್ಮ ಗಮನಕ್ಕೇ ಬರಲಿಲ್ಲ. ಇದೇಕೆ ಹೀಗಾಯಿತು?

ನಮ್ಮೆರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಒಂದೊಂದಕ್ಕೂ ತುಸು ಬೇರೆಯಾದ ನೋಟ ದೊರೆಯುವುದರಿಂದ ಮಿದುಳು ಹತ್ತಿರದ್ದನ್ನೂ ದೂರದ್ದನ್ನೂ ಬೇರ್ಪಡಿಸಬಲ್ಲುದು. ಕ್ಯಾಮೆರಾ ಒಕ್ಕಣ್ಣಿನದು, ಅದರ ಚಿತ್ರದಲ್ಲಿ ಅಜ್ಜಿಯೂ ಕಂಬವೂ ಒಂದೇ ಸಮತಲದಲ್ಲಿರುವರು. ಅಲ್ಲದೆ, ನಮ್ಮ ಕಣ್ಣು ಒಂದು ಕ್ಷಣದಲ್ಲಿ ಅತಿ ಸ್ಪಷ್ಟವಾಗಿ ಕಾಣುವುದು ಸುಮಾರು 2 ಡಿಗ್ರಿಯಷ್ಟನ್ನು ಮಾತ್ರ, ಎಂದರೆ ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟನ್ನು. ಅಕ್ಕರೆಯಿದ್ದಲ್ಲಿ ಅದು ನೆಟ್ಟಿರುತ್ತದೆ. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾದಲ್ಲಿರುವ 50 ಮಿಲಿಮೀಟರ್ ಮಸೂರವಾದರೋ ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿಯನ್ನು ಪಕ್ಷಪಾತವಿಲ್ಲದೆ ಹಿಡಿಯುತ್ತದೆ.

ಆದುದರಿಂದ ಗುಂಡಿ ಒತ್ತುವ ಮುನ್ನ ಒಂದು ಕಣ್ಣನ್ನು ಮುಚ್ಚಿ, ಚೌಕಟ್ಟಿನ ನಾಲ್ಕು ಅಂಚುಗಳ ಮೇಲೂ ಮೆಲ್ಲನೆ ದೃಷ್ಟಿ ಹಾಯಿಸಿರಿ. ಮುಖ್ಯ ವಸ್ತುವನ್ನು ಮೂರನೆಯ ಒಂದು ಭಾಗದಲ್ಲಿರಿಸುವ ಸೂತ್ರವನ್ನು (ಪುಸ್ತಕಗಳು ಮೊದಲು ಬೋಧಿಸುವುದು ಅದನ್ನೇ) ಆಮೇಲೆ ಕಲಿತರೆ ಸಾಕು. ಅಂದು ನಾವು ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಕಂಬ ತಲೆಯಿಂದ ದೂರವಾಗುತ್ತಿತ್ತು. ಅಜ್ಜಿಯ ಚಿತ್ರವೆಂದು ನಮ್ಮಲ್ಲಿ ಉಳಿದಿರುವುದು ಅದೊಂದೇ.